ಬಕ್ಕಪ್ಪನ ನಾಲ್ಕನೆಯ ನಿಲುಗಡೆ

ಮೆಹಕರದ ಬಕ್ಕಪ್ಪ ನೂರು ಹೆಜ್ಜೆಗೊಮ್ಮೆ ನಿಂತು ಏನನ್ನಾದರೂ ನೋಡುತ್ತಿದ್ದ. ಬೇವಿನ ಮರ, ಯಾರದೋ ಹೊಸ ಗೇಟು, ಏನೂ ಸಿಗದಿದ್ದರೆ ಆಕಾಶ. ಕುರಿ ಕಾಯ್ದ ಜೀವ, ಮೋಡ ನೋಡುವ ರೂಢಿ ಇದ್ದೀತು ಎಂದುಕೊಂಡಿತ್ತು ಊರು. ಮೀನಖಂಡ ಕಲ್ಲಾಗಿ, ಹೆಜ್ಜೆ ಎತ್ತಲಾಗದೆ ನಿಲ್ಲುತ್ತಾನೆಂದು ಯಾರಿಗೂ ತಿಳಿಯದು, ತಿಳಿಯಗೊಡುವವನೂ ಅವನಲ್ಲ. ಗುರುತಿಸಬಲ್ಲವಳು ಹೆಂಡತಿಯೊಬ್ಬಳೇ, ಔರಾದದ ಹೆಣ್ಣು, ಅವಳು ತೀರಿಹೋಗಿ ಒಂಬತ್ತು ವರ್ಷ. ಬೇಸಿಗೆಯಲ್ಲೂ ಅವನ ಮೈ ಬಿಡದ ಖಾಕಿ ಕೋಟು ಅವಳು ಬೀದರದ ಬಜಾರಿನಲ್ಲಿ ಆರಿಸಿದ್ದು. ಐದು ಗುಂಡಿ, ಐದು ಬಣ್ಣ. ಆ ಗುಂಡಿಗಳದ್ದೇ ಒಂದು ದೊಡ್ಡ ಕಥೆ, ಇರಲಿ.

ಕಾಲ್ಬೆರಳಿನ ಗಾಯ ಎರಡು ತಿಂಗಳಾದರೂ ಮಾಯದಾಗ ಬಸ್ಸು ಹತ್ತಿ ಭಾಲ್ಕಿಗೆ ಹೋದ. ಅಲ್ಲಿನ ಡಾಕ್ಟರಮ್ಮ ಮಂಜಿರಿಯ ಮನೆಮಾತು ಮರಾಠಿ. ಕನ್ನಡ ಕಲಿತದ್ದು ರೋಗಿಗಳಿಗಾಗಿ. ರಕ್ತಪರೀಕ್ಷೆಯ ಕಾಗದ ನೋಡಿ ಹೇಳಿದರು:

"ಕಾಕಾ, ನಿಮಗ ಕೊಬ್ಬು ಜಾಸ್ತಿ ಆಗ್ಯದ. ಇಳಸಬೇಕು."

ಬಕ್ಕಪ್ಪ ಎದ್ದೇಬಿಟ್ಟ. ಬೇರೆ ಯಾವ ಮಾತಾದರೂ ಸಹಿಸುತ್ತಿದ್ದನೇನೋ. ಹನ್ನೆರಡು ವರ್ಷದ ಹಿಂದೆ, ಕುರಿ ಹಂಚಿಕೊಳ್ಳುವ ದಿನ, ಓಣಿಯ ಮಂದಿಯೆಲ್ಲ ನಿಂತಿರುವಾಗ ತಮ್ಮ ಶಿವರಾಜ ಅಂದದ್ದೂ ಇದನ್ನೇ: "ನಿನಗ ಕೊಬ್ಬು ಬಂದದ." ಅಂದಿನಿಂದ ಒಂದೇ ಓಣಿಯ ಎರಡು ತುದಿಗಳಲ್ಲಿ ಅಣ್ಣತಮ್ಮಂದಿರು, ನಡುವೆ ಮಾತಿಲ್ಲ.

"ನನ್ನ ಎಲುವ ಎಣಸ್ರಿ ಬಾಯಾರ. ಕೊಬ್ಬು ಎಲ್ಲದ ತೋರಸ್ರಿ!"

ಇಲ್ಲಿ ಕೊಬ್ಬೆಂದರೆ ಸೊಕ್ಕೂ ಹೌದೆಂದು ನರ್ಸ್ ಸರಿತಾ ನಗು ತಡೆಯುತ್ತ ಮರಾಠಿಯಲ್ಲಿ ಬಿಡಿಸಿ ಹೇಳಿದ ಮೇಲೆ ಡಾಕ್ಟರು ಮಾತು ಬದಲಿಸಿದರು.

"ಆ ಮಾತ ಬಿಡ್ರಿ. ನಿಮ್ಮ ಕಾಲಿನ ರಕ್ತದ ನರ ಕಟ್ಯಾವ, ಒಳಗ ಉರಿ ಹತ್ಯದ ಕಾಕಾ. ಈ ಗುಳಿಗಿ ಅದನ್ನ ಶಾಂತ ಮಾಡ್ತದ."

ಉರಿಯೆಂದದ್ದಕ್ಕೆ ಬಕ್ಕಪ್ಪ ಒಪ್ಪಿದ. ಒಳಗೆ ಹತ್ತಿಕೊಂಡದ್ದು ಎಷ್ಟು ಹಳೆಯದೆಂದು ಅವನಿಗಷ್ಟೇ ಗೊತ್ತು. ಮತ್ತೆ ಕುಳಿತ.

"ಕಟ್ಟಿದ ನರದ ಬಾಜೂಕ ಹೊಸಾವು ಹುಟ್ತಾವೇನ್ರಿ?"

"ಖರೇ ಹೇಳ್ತೇನಿ, ಗೊತ್ತಿಲ್ಲ. ಇದೇ ಗುಳಿಗಿ ಇಲಿಗೋಳಿಗಿ ಕೊಟ್ಟು ನೋಡ್ಯಾರ. ಜರಾ ಕೊಟ್ರ ಸಣ್ಣ ನರ ಚಿಗುರ್ತಾವ, ಭಾಳ ಕೊಟ್ರ ಚಿಗುರು ನಿಲ್ತದ ಅಂತಾರ. ಮನಷ್ಯಾರಾಗ ಇನ್ನ ಖಾತ್ರಿ ಇಲ್ಲ."

"ಕುರಿ ಮೇಯ್ದಂಗ ಆತು ಬಿಡ್ರಿ. ಜರಾ ಬಾಯಿ ಹಾಕಿದ್ರ ಗಿಡ ಚಿಗುರ್ತದ, ಬೋಳಸಿದ್ರ ಒಣಗ್ತದ."

ಡಾಕ್ಟರು ಪೆನ್ನು ಕೆಳಗಿಟ್ಟು ಅವನನ್ನೇ ನೋಡಿದರು. "ಬೀಡಿ ಬಿಡ್ರಿ. ದಿನಾ ನಡೀರಿ. ನೋವು ಬಂದ್ರ ನಿಲ್ರಿ, ಹೋದ್ರ ಮತ್ತ ನಡೀರಿ. ಇಲ್ಲಂದ್ರ ಬೆರಳ ಉಳಿಯಾಂಗಿಲ್ಲ, ಮುಂದ ಕಾಲೂ."

ಬೀಡಿ ಇಡುತ್ತಿದ್ದ ಚಂಚಿಗೆ ಗುಳಿಗೆ ಬಂತು. ಗಾಯದ ಕಾಲಿಗೆ ಒಗ್ಗುವಂಥ ಸಪಾಟು ದಾರಿ ಊರಿನಲ್ಲಿ ಒಂದೇ, ಆ ಓಣಿ. ಬೇವಿನ ಮರಕ್ಕೊಂದು ನಿಲುಗಡೆ, ಹಿಟ್ಟಿನ ಗಿರಣಿಗೊಂದು, ನೀರಿನ ಟಾಕಿಗೊಂದು. ನಾಲ್ಕನೆಯ ನೋವು, ಎಷ್ಟು ತಪ್ಪಿಸಿದರೂ, ಸರಿಯಾಗಿ ಶಿವರಾಜನ ಬಾಗಿಲೆದುರೇ ಬರುವುದು. ಬಾಗಿಲಿಗೆ ಬೆನ್ನು ಮಾಡಿ ಆಕಾಶ ನೋಡುತ್ತ ನಿಲ್ಲುವನು. ಒಂದು ದಿನ ತಮ್ಮನ ಹೆಂಡತಿ ಹೀರಾಬಾಯಿ ಕಟ್ಟೆಯ ಮೇಲೆ ತಂಬಿಗೆ ನೀರಿಟ್ಟು ಒಳಗೆ ಹೋದಳು. ಕುಡಿದು ಬೋರಲಿಟ್ಟ. ಮಳೆಗಾಲವಿಡೀ ಹಾಗೇ ನಡೆಯಿತು.

ಗಾಯ ಮಾಯಿತು. ಎಳ್ಳಮಾವಾಸ್ಯೆ ಕಳೆದ ಒಂದು ಬೆಳಿಗ್ಗೆ ಶಿವರಾಜನ ಮನೆ ಮುಟ್ಟಿದರೂ ನೋವು ಬರಲಿಲ್ಲ. ಬಕ್ಕಪ್ಪ ಗಾಬರಿಯಾದ. ಇನ್ನು ಅಲ್ಲಿ ಯಾವ ನೆಪದಲ್ಲಿ ನಿಲ್ಲುವುದು? ಕಟ್ಟೆಯ ಮೇಲೆ ತಂಬಿಗೆ ಕಾದಿತ್ತು. ಒಳಗೆ ತಮ್ಮನ ಕೆಮ್ಮು. ನೋವಿದ್ದಷ್ಟು ಕಾಲ ಆಕಾಶ ನೋಡಿದವನು, ಅಂದು ನೋಯದ ಮೀನಖಂಡವನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿ ನಿಂತ.

"ಕಾಲ ಭಾಳ ನೋಯ್ತದೇನು?" ಬಾಗಿಲ ಮರೆಯಿಂದ ಶಿವರಾಜನ ದನಿ. ಅಣ್ಣಾ ಎನ್ನಲಿಲ್ಲ.

"ಹೂಂ. ಭಾಳ."

ಅಷ್ಟೇ. ಬಾಗಿಲು ಪೂರ್ತಿ ತೆರೆಯಲಿಲ್ಲ. ನೀರು ಕುಡಿದು, ಒಬ್ಬನ ಅಡುಗೆಗೆ ಒಲೆ ಹಚ್ಚಲು ಮನೆಗೆ ಬಂದ.

ಮುಂದಿನ ಸಲ ಭಾಲ್ಕಿಯಲ್ಲಿ ಡಾಕ್ಟರು, "ಈಗ ಎಷ್ಟ ದೂರ ನಡೀತೀರಿ ಕಾಕಾ?" ಎಂದರು.

"ತಮ್ಮನ ಬಾಗಲತನಕರಿ."

"ಅದರ ಮುಂದ?"

"ಮುಂದ ಏನದರಿ?"

ಇಂಥವರು ಕೆಲವರಿರುತ್ತಾರೆ. ಇರುವ ನೋವನ್ನು ವರ್ಷಗಟ್ಟಲೆ ಬಚ್ಚಿಡುತ್ತಾರೆ. ಒಂದು ಮಾತು ಸಿಕ್ಕೀತೆಂದು ಇಲ್ಲದ ನೋವನ್ನೂ ಹೊತ್ತು ನಿಲ್ಲುತ್ತಾರೆ. ಮುಚ್ಚಿದ ದಾರಿಯ ಪಕ್ಕದಲ್ಲಿ ಹೊಸದೊಂದು ಹುಟ್ಟಿದೆಯೋ ಇಲ್ಲವೋ, ಖಾತ್ರಿ ಅವರಿಗೂ ಇರುವುದಿಲ್ಲ. ಆದರೂ ದಿನವೂ ಅಷ್ಟು ದೂರ ನಡೆದು ಹೋಗುತ್ತಾರೆ.