ಹಚ್ಚಿ ನೋಡದ ಡಬ್ಬಿ

ವಿಮಾನ ರಿಪೇರಿ ಮಾಡುವ ಹ್ಯಾಂಗರಿನಲ್ಲಿ ಅವನನ್ನು ಎಲ್ಲರೂ ಡಬ್ಬಿಯಣ್ಣ ಎಂದೇ ಕರೆಯುತ್ತಿದ್ದರು. ಹೆಸರಿಗೆ ತಕ್ಕ ಕೆಲಸ. ಪ್ರಯಾಣಿಕರ ತಲೆಯ ಮೇಲಿನ ಮುಚ್ಚಳ ಬಿಚ್ಚುವುದು, ಒಳಗಿರುವ ಲೋಟದಷ್ಟು ದಪ್ಪದ ಉಕ್ಕಿನ ಡಬ್ಬಿಯ ಅವಧಿ ಮುಗಿದಿದ್ದರೆ ತೆಗೆದು ಹೊಸದನ್ನು ಕೂರಿಸುವುದು, ಮಾಸ್ಕುಗಳನ್ನು ಮಡಿಸಿಟ್ಟು ಮತ್ತೆ ಮುಚ್ಚುವುದು. ಆಕಾಶದಲ್ಲಿ ವಿಮಾನದೊಳಗಿನ ಗಾಳಿ ಸೋರಿಹೋದರೆ ಮಾಸ್ಕುಗಳು ತಾವಾಗಿ ಕೆಳಗೆ ಬೀಳುತ್ತವೆ. ಒಂದನ್ನು ಹಿಡಿದು ಜಗ್ಗಿದರೆ ಡಬ್ಬಿಯ ಪಿನ್ನು ಕಳಚಿಕೊಂಡು, ಒಳಗಿನ ಉಪ್ಪಿನಂಥ ಗಟ್ಟಿಗೆ ಕಿಡಿ ತಾಗಿ, ಅದು ಕಾದು ಆಕ್ಸಿಜನ್ ಬಿಡುತ್ತದೆ. ಬಿಡುತ್ತದೆ ಎಂದು ಪುಸ್ತಕದಲ್ಲಿ ಬರೆದಿತ್ತು.

ಅಷ್ಟು ವರ್ಷ ಡಬ್ಬಿ ಕೂರಿಸಿದ ಈ ಪುಣ್ಯಾತ್ಮ ಒಂದೇ ಒಂದು ಡಬ್ಬಿ ಉರಿದದ್ದನ್ನು ಕಂಡಿರಲಿಲ್ಲ. ಹ್ಯಾಂಗರಿನಲ್ಲಿ ಹಚ್ಚುವಂತಿಲ್ಲ, ಕೈ ಸುಡುವಷ್ಟು ಕಾಯುವ ವಸ್ತು, ಹತ್ತಿರದಲ್ಲಿ ಒಂದು ಎಣ್ಣೆಬಟ್ಟೆ ಬಿದ್ದಿದ್ದರೆ ಗತಿ ಗೋವಿಂದ. ಹಳೆಯ ಡಬ್ಬಿಗಳನ್ನು ಉರಿಸಿ ಮುಗಿಸುವವರು ಬೇರೆಲ್ಲೋ ಇದ್ದರು. ಒಮ್ಮೆ ಅಲ್ಲಿಗೆ ಹೋಗಿ ನೋಡಿಕೊಂಡು ಬರಲೇ ಎಂದು ಕೇಳಿದ್ದಕ್ಕೆ ಮೇಲಿನವರು ನಕ್ಕುಬಿಟ್ಟರು. ಡಬ್ಬಿ ಕೂರಿಸುವ ಮೊದಲು ಅದನ್ನು ಕಿವಿಗೆ ಹಿಡಿದು ನೋಡುವುದು ಅವನಿಗೆ ಚಾಳಿಯಾಗಿಬಿಟ್ಟಿತ್ತು. ಒಳಗಿನದು ಎಂದೂ ತುಟಿಪಿಟಕ್ಕೆನ್ನಲಿಲ್ಲ.

ಅವನ ಅತ್ತೆ ಟೈಲರ್ ಆಗಿ ಬಾಳು ಸವೆಸಿದವರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಅವರಿಗಾಗಿಯೇ ಹುಟ್ಟಿರಬೇಕು. ದೂರದ ಊರಿನಲ್ಲಿದ್ದ ಅವರ ಕಿರಿಯ ಮಗಳಿಗೆ ಹೆರಿಗೆಯಾಗಿ, ಹಿರಿಯವಳು, ಅಂದರೆ ಇವನ ಹೆಂಡತಿ, ಬಾಣಂತಿಯನ್ನು ನೋಡಿಕೊಳ್ಳಲು ಮೊದಲೇ ಹೋಗಿದ್ದಳು. ಅತ್ತೆಯನ್ನು ವಿಮಾನದಲ್ಲಿ ಅಲ್ಲಿಗೆ ಕರೆದುಕೊಂಡು ಹೋಗುವ ಪಾಳಿ ಅಳಿಯನದಾಯಿತು. ಹೊರಡುವ ಹಿಂದಿನ ದಿನ ಊಟಕ್ಕೆ ಕೂತಾಗ ಅತ್ತೆ ಅವನ ತಲೆಗೆ ಹುಳ ಬಿಟ್ಟರು.

"ಅಲ್ಲಾ ಅಳಿಯಂದ್ರೇ, ಆ ಡಬ್ಬೀನ ಒಂದ್ಸಲನಾದ್ರೂ ಹಚ್ಚಿ ನೋಡಿದೀರಾ?"

"ಇಲ್ಲ ಅತ್ತೆ. ಹಚ್ಚಿದ್ರೆ ಅಲ್ಲಿಗೆ ಅದರ ಕತೆ ಮುಗೀತು. ಚೆನ್ನಾಗಿದ್ಯಾ ಅಂತ ಗೀರಿ ನೋಡಿದ ಬೆಂಕಿಕಡ್ಡಿ ಮತ್ತೆ ಉಪಯೋಗಕ್ಕೆ ಬರುತ್ತಾ?"

"ಒಂದು ಕಡ್ಡಿ ಗೀರಿದ್ರೆ ಮಿಕ್ಕಿದವು ಹೇಗಿವೆ ಅಂತಾದ್ರೂ ಗೊತ್ತಾಗುತ್ತೆ. ನೀವು ಒಂದನ್ನೂ ಗೀರಿಲ್ಲ. ನಾನು ಹೊಲಿದಿದ್ದನ್ನ ಯಾರೂ ಒಂದು ದಿನಾನೂ ತೊಡದೇ ಇದ್ದಿದ್ರೆ ನನ್ನನ್ನ ಟೈಲರ್ ಅಂತಿದ್ರಾ?"

ಡಬ್ಬಿಯಣ್ಣ ಇನ್ನೊಂದು ತುತ್ತು ಕಲಸಿದ. ಆ ಮಾತಿಗಿಂತ ಹೆಚ್ಚಾಗಿ ಅವನನ್ನು ಕೊರೆಯುತ್ತಿದ್ದುದು ಇನ್ನೊಂದು ವಿಷಯ. ಡಬ್ಬಿ ಉರಿಯುವುದನ್ನು ನೋಡಬೇಕು ಎಂದರೆ ಯಾರದೋ ಉಸಿರು ಕಟ್ಟಲಿ ಎಂದು ಬಯಸಿದ ಹಾಗೆಯೇ ಅಲ್ಲವೇ. ಆ ಆಸೆಯನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಮಾರನೆಯ ದಿನ ವಿಮಾನ ಮೋಡಗಳನ್ನು ದಾಟಿ ಸಮನಾಗಿ ಹೋಗುತ್ತಿತ್ತು. ಅತ್ತೆ ಕಿಟಕಿಯ ಬಳಿ ಕೂತು ರೆಕ್ಕೆಯ ತಗಡಿನ ಜೋಡಣೆಯನ್ನು ಹೊಲಿಗೆ ಪರೀಕ್ಷಿಸುವಂತೆ ನೋಡುತ್ತಿದ್ದರು. ಹಿಂದೆಲ್ಲೋ ಢಮ್ಮೆಂದಿತು. ಕಿವಿ ಗವ್ವೆಂದು, ಒಳಗೆಲ್ಲ ಮಂಜು ತುಂಬಿ, ಚಳಿ ಮೈಗೆ ಹೊಡೆಯಿತು. ಸಾಲುಸಾಲಾಗಿ ಮಾಸ್ಕುಗಳು ಉದುರಿ ಜೋತಾಡಿದವು.

ಜನ ಅಯ್ಯೋ ಎನ್ನುತ್ತಿರುವಾಗ ಡಬ್ಬಿಯಣ್ಣನ ಮನಸ್ಸಿಗೆ ಮೊದಲು ಬಂದ ಮಾತು, ಅಂತೂ ನೋಡುವ ದಿನ ಬಂತು, ಎಂಬುದು. ಮರುಕ್ಷಣ ಪಕ್ಕದಲ್ಲಿ ಅತ್ತೆ ಬಾಯಿ ತೆರೆದು ಗಾಳಿಗಾಗಿ ತಡಕಾಡುವುದು ಕಂಡಿತು. ಕುತೂಹಲವೆಲ್ಲ ಜರ್ರನೆ ಇಳಿದು ನಾಚಿಕೆಯಾಯಿತು. ಮಾಸ್ಕುಗಳನ್ನು ಜಗ್ಗಿದ. ತಲೆಯ ಮೇಲೆ ಟಕ್ಕೆಂದಿತು. ಒಂದನ್ನು ತನ್ನ ಮೂತಿಗೆ ಸಿಕ್ಕಿಸಿಕೊಂಡು ಇನ್ನೊಂದನ್ನು ಅವರಿಗೆ ತೊಡಿಸಿದ.

ಸುಟ್ಟ ವಾಸನೆ ಹಬ್ಬಿತು. ಹಿಂದಿನ ಸಾಲಿನಲ್ಲಿ ಯಾರೋ ಬೆಂಕಿ ಎಂದು ಕೂಗಿದರು. ಅತ್ತೆ ಮಾಸ್ಕಿಗೆ ಅಂಟಿದ ಚೀಲವನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿದರು. ಅದು ಜೋಲುಬಿದ್ದೇ ಇತ್ತು. ಮಾಸ್ಕು ಕಿತ್ತು ತೊಡೆಯ ಮೇಲಿಟ್ಟರು.

"ಇದು ಕೆಟ್ಟಿದೆ ಅಳಿಯಂದ್ರೇ. ಚೀಲ ಉಬ್ಬೇ ಇಲ್ಲ. ಸುಟ್ಟ ವಾಸನೆ ಬೇರೆ."

ಚೀಲ ಉಬ್ಬಬೇಕೆಂದಿಲ್ಲ ಎಂದು ಪುಸ್ತಕದಲ್ಲಿತ್ತು. ವಾಸನೆ ಡಬ್ಬಿಯ ಮೇಲಿನ ಧೂಳು ಕಾದದ್ದಕ್ಕೆ, ಎಂದೂ ಇತ್ತು. ಆದರೆ ಈ ಡಬ್ಬಿ ನಿಜಕ್ಕೂ ಹೊತ್ತಿಕೊಂಡಿದೆಯೇ ಎಂಬುದು ಅವನಿಗೆ ತಿಳಿಯದು. ತಿಳಿದದ್ದು ಇಷ್ಟೇ: ಆ ಎತ್ತರದಲ್ಲಿ ಮಾಸ್ಕಿಲ್ಲದವರಿಗೆ ಒಂದು ನಿಮಿಷವೂ ಎಚ್ಚರ ಉಳಿಯುವುದಿಲ್ಲ. ಅತ್ತೆಯ ತುಟಿ ಆಗಲೇ ನೀಲಿಗೆ ತಿರುಗುತ್ತಿತ್ತು. ಅವನು ಮಾಸ್ಕನ್ನು ಅವರ ಮುಖಕ್ಕೆ ಒತ್ತಿದರೆ ಅವರು ಕೈ ತಳ್ಳಿದರು. ಜೀವನವಿಡೀ ಕತ್ತರಿ ಹಿಡಿದ ಕೈ, ಜಗ್ಗಲಿಲ್ಲ. ಮಾತನಾಡೋಣವೆಂದರೆ ಮಾಸ್ಕಿನೊಳಗಿಂದ ಗೊರಗೊರ ಸದ್ದಷ್ಟೇ ಬಂತು. ತನ್ನದನ್ನು ಕಿತ್ತು ಕೆಳಗೆ ಬಿಟ್ಟ.

"ಅತ್ತೆ, ಹಾಕ್ಕೊಳ್ಳಿ. ಇದು ಇರೋದೇ ಹೀಗೆ. ನಾನು ಹಚ್ಚಿ ನೋಡಿದೀನಿ."

"ಯಾವಾಗ?"

"ಎಷ್ಟೋ ಸಲ."

ಅವನ ತಲೆ ಹಗುರಾಗತೊಡಗಿತ್ತು. ಬೆರಳ ತುದಿ ಜುಮ್ಮೆನ್ನುತ್ತಿತ್ತು, ತನ್ನ ಮಾತು ಪಕ್ಕದ ಕೋಣೆಯಿಂದ ಕೇಳಿದಂತಿತ್ತು, ಅದೇಕೋ ನಗುವೂ ಬರುತ್ತಿತ್ತು. ಅತ್ತೆ ಅವನನ್ನು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ತಾವೇ ಮಾಸ್ಕು ಎತ್ತಿ ಮುಖಕ್ಕೆ ಒತ್ತಿಕೊಂಡು, ಇನ್ನೊಂದು ಕೈಯಿಂದ ಅವನ ಮಾಸ್ಕಿನ ಕಡೆ ತೋರಿಸಿದರು. ಅವನು ತಡಕಾಡಿ ಹಾಕಿಕೊಂಡ.

ವಿಮಾನ ಮೂತಿ ತಗ್ಗಿಸಿ ಕೆಳಗೆ ಇಳಿಯತೊಡಗಿತು. ಡಬ್ಬಿಯಣ್ಣ ಮೇಲೆ ನೋಡಲೇ ಇಲ್ಲ. ಪಾರದರ್ಶಕ ಪ್ಲಾಸ್ಟಿಕ್ಕಿನ ಹಿಂದೆ ಅತ್ತೆಯ ತುಟಿಯ ನೀಲಿ ಕರಗಿ ಮೆಲ್ಲಗೆ ಕೆಂಪು ಮರಳುವುದನ್ನೇ ನೋಡುತ್ತಾ ಕೂತ. ಡಬ್ಬಿ ಉರಿಯುತ್ತಿತ್ತು. ಅವನಿಗೆ ಸಂತೋಷಕ್ಕೆ ಅಳು ಬಂತು, ಅತ್ತುಬಿಟ್ಟ.

ನೆಲ ಮುಟ್ಟಿದ ಮೇಲೆ ಎಲ್ಲರನ್ನೂ ಒಂದು ಹಜಾರದಲ್ಲಿ ಕೂರಿಸಿ, ಹೊದಿಕೆ, ನೀರು ಕೊಟ್ಟರು. ಅತ್ತೆ ಹೊದಿಕೆಯ ಅಂಚಿನ ಹೊಲಿಗೆ ನೋಡಿ ಮೂಗು ಮುರಿದರು. ಅದನ್ನು ಕಂಡು ಅವನಿಗೆ ಧೈರ್ಯ ಬಂತು.

"ಅತ್ತೆ, ನಾನು ಮೇಲೆ ಹೇಳಿದ್ದು ಸುಳ್ಳು. ಒಂದನ್ನೂ ಹಚ್ಚಿ ನೋಡಿರಲಿಲ್ಲ."

"ಗೊತ್ತು. ನಿನ್ನೆ ತಾನೇ ಹೇಳಿದ್ರಲ್ಲ."

"ಮತ್ತೆ ನನ್ನ ಮಾತು ನಂಬಿ ಹಾಕ್ಕೊಂಡ್ರಿ?"

"ಯಾರು ನಂಬಿದ್ದು?" ಅತ್ತೆ ನೀರಿನ ಲೋಟ ಕೆಳಗಿಟ್ಟು, ಹೊದಿಕೆಯ ಅರ್ಧವನ್ನು ಅವನ ಹೆಗಲಿಗೆ ಎಳೆದರು. "ಸುಳ್ಳು ಹೇಳೋಕೆ ಅಂತ ನಿಮ್ಮದನ್ನ ಕಿತ್ತುಬಿಟ್ಟಿದ್ರಿ. ನಾನು ಹಾಕ್ಕೊಳ್ಳೋ ತನಕ ನೀವು ಹಾಕ್ಕೊಳ್ಳಲ್ಲ ಅಂತ ಗೊತ್ತಾಯ್ತು. ಅದಕ್ಕೆ ಹಾಕ್ಕೊಂಡೆ."