ಆ ವರ್ಷದ ಎಂಜಿನ್

"ತಿರುಗಿಸಿ, ಇನ್ನೂ ಸ್ವಲ್ಪ ತಿರುಗಿಸಿ" ಎಂದು ಮೈದುನ ಹೇಳುತ್ತಿರುವಾಗಲೇ ಗೇರ್‌ಬಾಕ್ಸು ಬಾಗಿಲ ಚೌಕಟ್ಟಿಗೆ ಬಡಿದು ಒಂದಿಷ್ಟು ಸುಣ್ಣ ಉದುರಿತು. ಹೊತ್ತಿದ್ದ ಇಬ್ಬರು ಅದನ್ನು ಅಂಗಳದಲ್ಲಿಟ್ಟು ಸೊಂಟ ಹಿಡಿದುಕೊಂಡು ನಿಂತರು. ಒಳಕೋಣೆಯಿಂದ ಹೊರಬಾಗಿಲವರೆಗೆ ಇನ್ನೂ ಎರಡು ಸಿಲಿಂಡರ್ ಹೆಡ್ಡು, ಒಂದು ರೇಡಿಯೇಟರು, ಕಾರ್ಬುರೇಟರು ತುಂಬಿದ ಮೂರು ಪೆಟ್ಟಿಗೆ ಬಾಕಿ ಇದ್ದವು. ಅವೆಲ್ಲ ಹೊರಬೀಳದೆ ಸತ್ತವನನ್ನು ಹೊರತರುವಂತಿರಲಿಲ್ಲ.

"ಬರೀ ನೆಲದ ಮೇಲೆ ಇಡಬೇಡಿ, ತುಕ್ಕು ಹಿಡಿಯತ್ತೆ. ಕೆಳಗೊಂದು ಹಲಗೆ ಹಾಕಿ" ಎಂದಳು ಹೆಂಡತಿ, ಗೋಡೆಗೊರಗಿ ಕೂತಲ್ಲಿಂದಲೇ.

"ಅತ್ತಿಗೆ, ಇವತ್ತೊಂದಿನ ಬಿಟ್ಟುಬಿಡಿ ಅದನ್ನ."

"ಮೂವತ್ತಾರು ವರ್ಷದ ಅಭ್ಯಾಸ ಕಣಪ್ಪಾ. ಬಾಯಿಗೆ ಬಂದ್ಬಿಡತ್ತೆ."

ಮೈದುನ ಹಲಗೆ ಹುಡುಕಲು ಹೋದ.

ಸತ್ತವನನ್ನು ಎಲ್ಲರೂ ಕರೆಯುತ್ತಿದ್ದುದು ಹುಡುಕಣ್ಣ ಎಂದು. ಹಳೆಯ ಕಾರುಗಳನ್ನು ಮೊದಲಿದ್ದಂತೆಯೇ ಮಾಡಿ ನಿಲ್ಲಿಸಬೇಕೆನ್ನುವವರಿಗೆ ಬಿಡಿಭಾಗ ಹುಡುಕಿಕೊಡುವುದು ಅವನ ಕಸುಬು. ಹೊಂದಿಕೊಳ್ಳುವ ಭಾಗ ಯಾವುದೋ ಒಂದು ಸಿಕ್ಕರೆ ಸಾಲದು, ಕಾರು ತಯಾರಾದ ವರ್ಷದ್ದೇ ಬೇಕು. ಎರಕದಲ್ಲಿ ಮೂಡಿದ ಸಂಖ್ಯೆ ನೋಡಿ ವರ್ಷ, ತಿಂಗಳು ಎರಡನ್ನೂ ಹೇಳುತ್ತಿದ್ದ. "ಮದುವೆಯಾದ ಹೊಸದರಲ್ಲಿ ನನ್ನ ಬೆನ್ನ ಮೇಲೂ ನಂಬರ್ ಇದೆಯಾ ಅಂತ ನೋಡಿದ್ರು" ಎಂದು ಹೆಂಡತಿ ನೆಂಟರನ್ನು ನಗಿಸುತ್ತಿದ್ದಳು. ಗುಜರಿ ಅಂಗಡಿಗಳನ್ನು ಸುತ್ತಿ ಸುತ್ತಿ ಅವನ ಮೊಣಕಾಲು ಸವೆದುಹೋಗಿದ್ದವು. ನಿನ್ನೆ ಮಧ್ಯಾಹ್ನ ಮನೆಗೆ ಬಂದವನು ಶೂ ಬಿಚ್ಚಲೆಂದು ಸ್ಟೂಲಿನ ಮೇಲೆ ಕೂತ. ಒಂದನ್ನು ಬಿಚ್ಚಿದ. ಇನ್ನೊಂದನ್ನು ಬಿಚ್ಚಿದವಳು ಹೆಂಡತಿ.

ಹಲ್ಲಿನ ಡಾಕ್ಟರು ಎಲ್ಲರಿಗಿಂತ ಮೊದಲೇ ಬಂದು ಅಂಗಳದ ಕುರ್ಚಿಯಲ್ಲಿ ಕೂತಿದ್ದರು. ವಯಸ್ಸು ಎಪ್ಪತ್ತೈದು. ಅವರ ತಂದೆಯ ಕಾರಿನ ಎಂಜಿನ್ ಯಾವುದೋ ಕಾಲದಲ್ಲಿ ಬಿರುಕುಬಿಟ್ಟು, ಅದರ ಜಾಗಕ್ಕೆ ಬೇರೊಂದು ಬಂದು ಕೂತಿತ್ತು. ಆ ವರ್ಷದ್ದೇ ಬೇಕೆಂದು ಹುಡುಕಣ್ಣನಿಗೆ ಹೇಳಿ ಹದಿನಾಲ್ಕು ವರ್ಷವಾಗಿತ್ತು.

"ಹೋದ ತಿಂಗಳೂ ಕೇಳಿದ್ದೆ" ಎಂದರು ಮೈದುನನಿಗೆ. "ನೋಡ್ತಾ ಇದೀನಿ ಡಾಕ್ಟ್ರೇ ಅಂದ. ಯಾವಾಗ ಕೇಳಿದ್ರೂ ಅದೇ ಮಾತು."

"ನಮಗೂ ಅಷ್ಟೇ ಸಾರ್. ಊಟಕ್ಕೆ ಯಾವಾಗ ಬರ್ತೀಯಾ ಅಂದ್ರೂ ನೋಡ್ತೀನಿ ಅನ್ನೋನು."

ಆಗ ಬೀದಿಯ ತಿರುವಿನಲ್ಲಿ ಒಂದು ಗಾಡಿಯ ಸದ್ದು ಕೇಳಿಸಿತು. ಡಾಕ್ಟರು ಕುರ್ಚಿಯ ಕೈ ಹಿಡಿದು ಮೆಲ್ಲಗೆ ಎದ್ದರು. ಬಣ್ಣ ಮಾಸಿದ ಬ್ರೆಡ್ ವ್ಯಾನೊಂದು ಬಂದು ಮನೆಯೆದುರು ನಿಂತಿತು. ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಇಳಿದು, ಎಂಜಿನ್ ಆರಿಸದೆಯೇ ಒಳಗೆ ಹೋದಳು.

"ಇದು ಅದೇ" ಎಂದರು ಡಾಕ್ಟರು, ಯಾರಿಗೂ ಅಲ್ಲದ ಹಾಗೆ. "ನಮ್ಮಪ್ಪನ ಕಾರಿನ ಸದ್ದು ಇದು."

* * *

ಒಂಬತ್ತು ವರ್ಷದ ಹಿಂದೆ, ಬೇಕರಿಯೊಂದರ ಹಿತ್ತಲಿನಲ್ಲಿ, ಹುಡುಕಣ್ಣ ಇದೇ ವ್ಯಾನಿನ ಬಾನೆಟ್ಟಿನೊಳಗೆ ತಲೆ ತೂರಿಸಿ ಚಿಂದಿಯಿಂದ ಜಿಡ್ಡು ಒರೆಸಿದ್ದ. ಮೊಣಕಾಲು ನೋವೆಂದು ಜೊತೆಗೆ ಬಂದಿದ್ದ ಹೆಂಡತಿ ಚೀಲ ಹಿಡಿದು ಪಕ್ಕದಲ್ಲಿದ್ದಳು. ಅವನು ಸಂಖ್ಯೆಯನ್ನು ಎರಡು ಸಲ ಓದಿ ಹಿಟ್ಟಿನ ಮೂಟೆಯ ಮೇಲೆ ಕೂತುಬಿಟ್ಟ.

"ಏನಣ್ಣಾ, ಕೆಟ್ಟಿದೆಯಾ?" ವ್ಯಾನಿನ ಹೆಂಗಸು ಗಾಬರಿಯಾದಳು. "ದಿನಾ ನಲವತ್ತು ಅಂಗಡಿಗೆ ಬ್ರೆಡ್ ಹಾಕಬೇಕು. ಇದು ನಿಂತ್ರೆ ನಾನೂ ನಿಂತೆ."

"ಇಲ್ಲಮ್ಮ, ತುಂಬ ಚೆನ್ನಾಗಿದೆ. ಕಷ್ಟ ಅದೇ."

ಬದಲಿಗೆ ಬೇರೆ ಎಂಜಿನ್ ಕೂರಿಸಿದರೆ ಈ ಹಳೆಯ ಗಾಡಿ ತಿಂಗಳಿಗೊಮ್ಮೆ ದಾರಿಯಲ್ಲಿ ಮಲಗುತ್ತದೆಂದು ಅವನಿಗೆ ಗೊತ್ತಿತ್ತು. ಕವಾಟಗಳನ್ನು ಸರಿಮಾಡಿ, ಬಾನೆಟ್ಟು ಮುಚ್ಚಿ ಹೊರಟ.

ಬಸ್ಸಿನಲ್ಲಿ ಹೆಂಡತಿ ಕೇಳಿದಳು. "ಡಾಕ್ಟ್ರಿಗೆ ಏನು ಹೇಳ್ತೀರಿ?"

"ನೋಡ್ತಾ ಇದೀನಿ ಅಂತೀನಿ. ಸುಳ್ಳೇನಲ್ಲವಲ್ಲ. ನೋಡ್ಕೊಂಡೇ ಬಂದೆನಲ್ಲ."

ಆಮೇಲೆ ಮೂರು ತಿಂಗಳಿಗೊಮ್ಮೆ ಹೋಗಿ ನೋಡಿಕೊಂಡೇ ಬರುತ್ತಿದ್ದ, ಸ್ಪ್ಯಾನರುಗಳ ಚೀಲ ಹಿಡಿದು.

* * *

ಡಾಕ್ಟರು ಒಳಗೆ ಹೋಗಿ ಆ ವ್ಯಾನಿನ ಬಗ್ಗೆ ಕೇಳಿದ್ದಕ್ಕೆ ಹೆಂಡತಿ ಎಲ್ಲವನ್ನೂ ಹೇಳಿ ಮುಗಿಸಿದಳು.

"ಒಂಬತ್ತು ವರ್ಷ ನನ್ನನ್ನ ಕಾಯಿಸಿದ್ರಾ?"

"ಹೂಂ."

"ನನ್ನನ್ನ ಒಂದು ಮಾತು ಕೇಳಬಹುದಿತ್ತು. ನಾನೇನು ಕಟುಕನಾ?"

ಅವಳು ತುಂಬ ದಣಿದಿದ್ದಳು. ದನಿ ಏರಲಿಲ್ಲ. "ಕೇಳಿದ್ರೆ ನೀವು ಬೇಡ ಅಂತಿದ್ರಾ ಡಾಕ್ಟ್ರೇ?"

ಡಾಕ್ಟರು ಕೋಲೂರಿಕೊಂಡು ಹೊರಗೆ ಹೋದರು.

ಸ್ವಲ್ಪ ಹೊತ್ತಿಗೆ ವ್ಯಾನಿನ ಹೆಂಗಸು ಕಣ್ಣೊರೆಸಿಕೊಳ್ಳುತ್ತ ಹೊರಬಂದಳು. ಡಾಕ್ಟರು ಕೇಳಿದ್ದಕ್ಕೆ, ಏಕೆಂದೂ ವಿಚಾರಿಸದೆ ಬಾನೆಟ್ಟು ಎತ್ತಿಕೊಟ್ಟಳು. ಡಾಕ್ಟರು ಕನ್ನಡಕ ಏರಿಸಿ ಬಗ್ಗಿದರು. ಸಂಖ್ಯೆ ಇರಬೇಕಾದ ಕಡೆ ದಪ್ಪನೆಯ ಕಪ್ಪು ಬಣ್ಣವಿತ್ತು.

"ಅಣ್ಣ ಬಂದಾಗೆಲ್ಲ ಅಲ್ಲೊಂದು ಕೈ ಬಣ್ಣ ಬಳೀತಿದ್ರು" ಎಂದಳು. "ತುಕ್ಕು ಹಿಡಿಯತ್ತೆ ಅನ್ನೋರು. ಅದೊಂದೇ ಜಾಗಕ್ಕೆ ಯಾಕೋ."

ಡಾಕ್ಟರು ಉಗುರು ಊರಿದರು. ಬಣ್ಣದ ಒಂದು ಚೂರು ಎದ್ದಿತು. ಅಲ್ಲಿಗೇ ಕೈ ನಿಲ್ಲಿಸಿ, ಬಿಸಿಯನ್ನು ಲೆಕ್ಕಿಸದೆ ಬೆರಳ ತುದಿಯಿಂದ ಬಣ್ಣದ ಕೆಳಗಿನ ಉಬ್ಬುಗಳನ್ನು ಒಂದೊಂದಾಗಿ ಸವರಿದರು.

"ಎರಡು ದಿನದಿಂದ ಟಪ್ ಟಪ್ ಅಂತಿದೆ, ಕೇಳಿಸ್ತಾ? ಮುಂದಿನ ವಾರ ಬರ್ತೀನಿ ಅಂದಿದ್ರು ಅವರು" ಎಂದಳು. ಆಮೇಲೆ, "ನೀವೂ ಇದೇ ಕೆಲಸದವರಾ?"

"ಅಲ್ಲಮ್ಮಾ. ನಾನು ಹಲ್ಲು ಕೀಳ್ತಿದ್ದೆ. ಈಗ ಅದೂ ಬಿಟ್ಟಿದೀನಿ."

ಒಳಗಿನಿಂದ ಮೈದುನನ ದನಿ ಕೇಳಿಸಿತು. "ದಾರಿ ಬಿಡಿ, ದಾರಿ ಬಿಡಿ." ನಾಲ್ವರು ಹುಡುಕಣ್ಣನನ್ನು ಹೊತ್ತು ಹೊರಬಂದರು. ಸ್ಮಶಾನ ಹತ್ತಿರದಲ್ಲೇ ಇತ್ತು, ನಡೆದೇ ಹೋಗುವುದೆಂದಾಯಿತು. ಬೀದಿ ಕಿರಿದು. ವ್ಯಾನನ್ನು ಅಲ್ಲೇ ಬಿಟ್ಟರೆ ದಾರಿ ಕಟ್ಟುತ್ತದೆಂದು ಹೆಂಗಸು ಬಾನೆಟ್ಟು ಮುಚ್ಚಿ, ಎಲ್ಲರ ಹಿಂದೆ ನಿಧಾನವಾಗಿ ಓಡಿಸಿಕೊಂಡು ಬಂದಳು.

ಡಾಕ್ಟರು ಮೊದಲು ಹೆಂಡತಿಯ ಪಕ್ಕದಲ್ಲಿ ನಡೆಯುತ್ತಿದ್ದರು. ಬರಬರುತ್ತ ಹಿಂದುಳಿದರು. ತಿರುವಿನಲ್ಲಿ ಮೈದುನ ಹಿಂದಿರುಗಿ ನೋಡಿ, "ಡಾಕ್ಟ್ರೇ, ಗಾಡಿ ಹತ್ತಿ ಕೂತ್ಕೊಳ್ಳಿ, ಸುಸ್ತಾಗತ್ತೆ" ಎಂದು ಕೂಗಿದ. ಅವರು ಹತ್ತಲಿಲ್ಲ. ವ್ಯಾನಿನ ಪಕ್ಕದಲ್ಲೇ, ಬಿಸಿ ಬಾನೆಟ್ಟಿನ ಮೇಲೆ ಅಂಗೈ ಊರಿ, ಕಿವಿಯನ್ನು ಸ್ವಲ್ಪ ಅತ್ತ ವಾಲಿಸಿ, ಅದರ ನಡಿಗೆಗೆ ತಮ್ಮ ಹೆಜ್ಜೆ ಹೊಂದಿಸಿಕೊಂಡು ಬರುತ್ತಿದ್ದರು.