ಹೆಸರು ಕೆತ್ತಿದ ಡಬ್ಬಿ

ಮಕ್ಕಳಿಗೆ ಕೊಡುವ ಕ್ರಿಸ್‌ಮಸ್ ಉಡುಗೊರೆ ಸರಳವಾಗಿರಬೇಕು, ಅರ್ಥಪೂರ್ಣವಾಗಿರಬೇಕು ಎಂದು ಶಾಲೆಯ ಪೋಷಕರ ಸಭೆಯಲ್ಲಿ ಎಲ್ಲರೂ ಆಕಳಿಸುವವರೆಗೆ ಭಾಷಣ ಮಾಡಿದವರು ನನ್ನ ಗಂಡ ರಾಜಶೇಖರ್. ಮನೆಗೆ ಬಂದು, ನಮ್ಮ ಮಗಳು ಆರಿಸಿಟ್ಟುಕೊಂಡಿದ್ದ ಉಡುಗೊರೆಯನ್ನು ನೋಡಿ ಮೊದಲು ಹೌಹಾರಿದವರೂ ಅವರೇ.

ಮಗಳು ನಿಶ್ಚಿತಾ ಆರನೇ ಕ್ಲಾಸು. ನಮ್ಮೂರು ಸಿಂಗಟಗೆರೆ, ಶಾಲೆ ಕಡೂರಿನಲ್ಲಿ. ಶಾಲೆಯ ಹೆಸರಿನ ಮುಂದೆ ಒಬ್ಬ ಸಂತರಿದ್ದಾರೆ. ಅವರು ಯಾರು, ಏನು ಮಾಡಿದರು ಎಂದು ಆಡಳಿತ ಮಂಡಳಿಯ ಯಾರಿಗೂ ಗೊತ್ತಿಲ್ಲ. ಮಂಡಳಿಯಲ್ಲಿರುವವರೆಲ್ಲ ತೆಂಗಿನ ವ್ಯಾಪಾರದವರು, ಗೊಬ್ಬರದ ಅಂಗಡಿಯವರು. ಶಾಲೆಯಲ್ಲಿ ಕ್ರೈಸ್ತರ ಮಗು ಒಂದೂ ಇಲ್ಲ. ಹಾಗಂತ ಕ್ರಿಸ್‌ಮಸ್ ಬಿಟ್ಟರೆ ಇಂಗ್ಲಿಷ್ ಮೀಡಿಯಂ ಎನ್ನಲು ಇನ್ನೇನು ಉಳಿಯಿತು ಎಂದು ಪೋಷಕರೇ ಗಲಾಟೆ ಮಾಡುತ್ತಾರೆ. ಹಾಗಾಗಿ ಪ್ರತಿ ವರ್ಷ ಒಂದು ಸರ್ವೆ ಕೊಂಬೆಗೆ ದೀಪದ ಸರ ಸುತ್ತಿ ನಿಲ್ಲಿಸುತ್ತಾರೆ.

ಈ ಸಲದ ಹೊಸ ಏರ್ಪಾಡು ಚೀಟಿ. ಪ್ರತಿ ಮಗುವೂ ಒಂದು ಚೀಟಿ ಎತ್ತಬೇಕು, ಅದರಲ್ಲಿ ಯಾರ ಹೆಸರಿದೆಯೋ ಅವರಿಗೆ ಉಡುಗೊರೆ ತರಬೇಕು. ಕೊಟ್ಟವರು ಯಾರೆಂದು ತಿಳಿಯಬಾರದು. ನಿಶ್ಚಿತಾಳಿಗೆ ಬಂದದ್ದು ಸ್ಫೂರ್ತಿಯ ಹೆಸರು. ಅದನ್ನು ನನ್ನೊಬ್ಬಳ ಕಿವಿಯಲ್ಲಿ ಹೇಳಿದಳು.

ಸ್ಫೂರ್ತಿ ನಮ್ಮ ಪಕ್ಕದ ತೋಟದ ರಂಗಪ್ಪನವರ ಮೊಮ್ಮಗಳು. ಅಂಗನವಾಡಿಯಿಂದಲೂ ಈ ಇಬ್ಬರೂ ಒಂದೇ ಬೆಂಚು, ಊಟದ ಡಬ್ಬಿಯೂ ಒಂದೇ. ಹೋದ ವರ್ಷ ರಂಗಪ್ಪನವರ ಕಿರಿಯ ಮಗ ಸುದೀಪನ ಮದುವೆ ಗೊತ್ತಾಯಿತು. ಲಗ್ನಪತ್ರಿಕೆಯನ್ನು ಮನೆಗೆ ಬಂದು, ಕೂತು, ಅಕ್ಷತೆ ಇಟ್ಟು ಕೊಡಬೇಕು. ರಂಗಪ್ಪನವರಿಗೆ ಯಾವುದೋ ಅವಸರ. ಕಡೂರು ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಮಾವ ಮಲ್ಲಿಕಾರ್ಜುನಯ್ಯನವರು ಬಸ್ಸು ಹತ್ತಿ ಕೂತಿದ್ದನ್ನು ನೋಡಿ, ಕಿಟಕಿಯಿಂದಲೇ ಪತ್ರಿಕೆ ಒಳಗೆ ಚಾಚಿದರು. ಕಡಲೆಕಾಯಿ ಪೊಟ್ಟಣ ಕೊಟ್ಟ ಹಾಗೆ ಕೊಟ್ಟ ಎಂದು ಮಾವ ಮದುವೆಗೆ ಹೋಗಲಿಲ್ಲ. ಕರೆದರೂ ಬರಲಿಲ್ಲ ಎಂದು ರಂಗಪ್ಪನವರು ಮಾತು ಬಿಟ್ಟರು. ಅಷ್ಟಕ್ಕೇ ನಿಲ್ಲಿಸಿದ್ದರೆ ದೊಡ್ಡವರ ಜಗಳ ಎಂದುಕೊಳ್ಳಬಹುದಿತ್ತು. ಎರಡೂ ಮನೆಯವರು ಮಕ್ಕಳನ್ನು ಕೂರಿಸಿಕೊಂಡು, ಇನ್ನು ಮುಂದೆ ಅವಳ ಜೊತೆ ಸೇರಬೇಡ ಎಂದು ಬುದ್ಧಿ ಹೇಳಿದರು. ಎರಡೂ ಮಕ್ಕಳು ಹೇಳಿದ ಮಾತು ಕೇಳುವ ಒಳ್ಳೆಯ ಮಕ್ಕಳು. ಅದೇ ತೊಂದರೆಯಾದದ್ದು.

ಅಂದಿನಿಂದ ಶಾಲೆಯ ವ್ಯಾನಿನಲ್ಲಿ ಒಬ್ಬಳು ಮುಂದೆ, ಒಬ್ಬಳು ಹಿಂದೆ. ನಿಶ್ಚಿತಾ ಅತ್ತದ್ದನ್ನು ನಾನು ನೋಡಲಿಲ್ಲ. ಮನೆಗೆ ಬಂದು ತಾನೊಬ್ಬಳೇ ಜಗಲಿಯಲ್ಲಿ ಕೂತು, ಇಬ್ಬರು ಆಡುವ ಐದು ಕಲ್ಲಿನ ಆಟವನ್ನು ಎರಡೂ ಕಡೆಯಿಂದ ತಾನೇ ಆಡುತ್ತಿದ್ದಳು. ಮಾವನಿಗೆ ಹೇಳೋಣವೆಂದು ಎಷ್ಟೋ ಸಲ ಎದ್ದೆ. ಆದರೆ ಸೊಸೆಯಾದವಳು ಮಾವನ ಮಾನದ ವಿಷಯದಲ್ಲಿ ಬಾಯಿ ಹಾಕಬಾರದು ಎಂಬ ಸುಡುಗಾಡು ಪಾಠವನ್ನು ನಾನೂ ಚೆನ್ನಾಗಿಯೇ ಕಲಿತಿದ್ದೆ.

ಈಗ ಅವಳು ಸ್ಫೂರ್ತಿಗೆಂದು ಆರಿಸಿಟ್ಟಿದ್ದು ಅವೇ ಕಲ್ಲುಗಳನ್ನು. ಕೆರೆಯ ಅಂಚಿನಲ್ಲಿ ಇಬ್ಬರೂ ಸೇರಿ ಹೆಕ್ಕಿದ್ದ, ಆಡಿ ಆಡಿ ನುಣುಪಾದ ಐದು ಕಲ್ಲು.

“ಇದ್ನ ನೋಡಿದ್ರೆ ಕೊಟ್ಟಿದ್ದು ನಾನೇ ಅಂತ ಅವ್ಳಿಗೆ ಗೊತ್ತಾಗುತ್ತೆ ಅಮ್ಮ,” ಎಂದಳು. “ಬೇರೆ ಯಾರಿಗೂ ಗೊತ್ತಾಗಲ್ಲ.”

ಇದಕ್ಕಿಂತ ಸರಳ, ಇದಕ್ಕಿಂತ ಅರ್ಥಪೂರ್ಣ ಇನ್ನೇನು ಬೇಕಿತ್ತೋ ಕಾಣೆ. ನನ್ನ ಗಂಡ ಮಾತ್ರ ಮುಖ ಕಿವುಚಿದರು. ಚೀಟಿಯಲ್ಲಿ ಯಾರ ಹೆಸರಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು, ತಾವು ಪೋಷಕರ ಸಮಿತಿಯ ಅಧ್ಯಕ್ಷರು ಎಂಬುದು.

“ಸಿಂಪಲ್ ಅಂದ್ರೆ ಇಷ್ಟು ಸಿಂಪಲ್ಲಾ?” ಎಂದರು. “ಅಧ್ಯಕ್ಷನ ಮಗಳು ಕಲ್ಲು ಕೊಟ್ಲು ಅಂತಾರೆ ಕಣೇ.”

ಅಷ್ಟರಲ್ಲಿ ವಾಟ್ಸಾಪ್ ಗುಂಪಿನಲ್ಲಿ ಸರಳತೆಯ ಪೈಪೋಟಿ ಶುರುವಾಗಿತ್ತು. ತರೀಕೆರೆಯಿಂದ ಬರುವ ಮಗುವೊಂದರ ತಾಯಿ ಪಿಂಗಾಣಿ ಕುಂಡದಲ್ಲಿ ತುಳಸಿ ಗಿಡ ತರಿಸಿ, ಅದರ ಫೋಟೋವನ್ನು ನಾಲ್ಕು ದಿಕ್ಕಿನಿಂದಲೂ ಹಾಕಿದ್ದರು. ಅಜ್ಜಂಪುರದ ಒಬ್ಬರು ‘ಮಗು ತನ್ನ ಕೈಯಾರೆ ಮಾಡಿದ್ದು’ ಎಂದು ಬರೆದ ಮರದ ಗೊಂಬೆಯನ್ನು ಆನ್‌ಲೈನಿನಲ್ಲಿ ತರಿಸಿದ್ದರು. ಅವಸರದಲ್ಲಿ ಅದರ ಬೆನ್ನಿನ ಸ್ಟಿಕ್ಕರ್ ಕೀಳುವುದನ್ನು ಮರೆತಿದ್ದರು. ನನ್ನ ಗಂಡ ಎಲ್ಲಕ್ಕೂ ಕೈ ಮುಗಿಯುವ ಚಿತ್ರ ಒತ್ತುತ್ತಾ, ಸರಳವೆಂದು ನೋಡಿದ ಕೂಡಲೇ ಗೊತ್ತಾಗುವಂಥ ಭಾರಿ ಉಡುಗೊರೆ ಏನು ಸಿಗಬಹುದು ಎಂದು ಹುಡುಕುತ್ತಿದ್ದರು.

ಕೊನೆಗೆ ದಾರಿ ತೋರಿಸಿದವರು ನಮ್ಮ ಅತ್ತೆ ಕಲ್ಲಮ್ಮ. ಮಕ್ಕಳಿಗೆ ಬಾಯಿಗೆ ರುಚಿಯಾದದ್ದು ಕೊಡಬೇಕು, ಕಾಸು ಸುರಿಯುವುದು ಯಾಕೆ ಎಂದು ತೋಟದ ಕೊಬ್ಬರಿ ತುರಿದು ಮಿಠಾಯಿ ಮಾಡಿದರು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೊಟ್ಟರೆ ಮರ್ಯಾದೆಯಲ್ಲ ಎಂದು ಅಟ್ಟದಿಂದ ಹೊಚ್ಚಹೊಸ ಸ್ಟೀಲ್ ಡಬ್ಬಿ ಇಳಿಸಿದರು. ನಿಶ್ಚಿತಾ ಅಜ್ಜಿಯ ಕಣ್ಣು ತಪ್ಪಿಸಿ ತನ್ನ ಕಲ್ಲುಗಳನ್ನು ಕಾಗದದಲ್ಲಿ ಸುತ್ತಿ ತಳದಲ್ಲಿಟ್ಟಳು. ಅದರ ಮೇಲೆ ಮಿಠಾಯಿ ಜೋಡಿಸಿ, ಅತ್ತೆ ತಮ್ಮ ಕೈಯಾರೆ ಮುಚ್ಚಳ ಒತ್ತಿದರು. ನನ್ನ ಗಂಡ ಬಣ್ಣದ ಕಾಗದ ಸುತ್ತಿದರು. ಇಷ್ಟು ಜನರ ಕೈ ದಾಟಿದರೂ, ಡಬ್ಬಿಯ ಮೈಮೇಲೆ ಕೆತ್ತಿದ್ದ ಅಕ್ಷರ ಯಾರ ಕಣ್ಣಿಗೂ ಬೀಳಲಿಲ್ಲ. ನಮ್ಮ ಮನೆಯಲ್ಲಿ ಚಮಚದಿಂದ ಹಂಡೆಯವರೆಗೆ ಹೆಸರಿಲ್ಲದ ಪಾತ್ರೆಯೇ ಇಲ್ಲ. ದಿನಾ ನೋಡುವ ಹೆಸರನ್ನು ಯಾರು ಓದುತ್ತಾರೆ?

ಹಬ್ಬದ ಹಿಂದಿನ ದಿನ ಶಾಲೆಯಲ್ಲಿ ಸಮಾರಂಭ, ತಾಯಂದಿರಿಗೂ ಕರೆ. ಡ್ರಿಲ್ ಮಾಸ್ತರ ರುದ್ರಮೂರ್ತಿಯವರು ಕೆಂಪು ನಿಲುವಂಗಿ, ಹತ್ತಿಯ ಗಡ್ಡ ತೊಟ್ಟು ಸಾಂತಾ ಆಗಿದ್ದರು. ಹಣೆಯ ವಿಭೂತಿಯನ್ನು ಮಾತ್ರ ಯಾರ ಮುಲಾಜಿಗೂ ಅಳಿಸಿರಲಿಲ್ಲ. ಒಬ್ಬೊಬ್ಬರನ್ನೇ ಕರೆದು ಉಡುಗೊರೆ ಕೊಟ್ಟರು. ಸ್ಫೂರ್ತಿ ಕಾಗದ ಬಿಡಿಸಿದಳು. ಪಕ್ಕದಲ್ಲಿ ನಿಂತಿದ್ದ ಟೀಚರ್ ಡಬ್ಬಿಯನ್ನು ಬೆಳಕಿಗೆ ಹಿಡಿದು, ಮೈಕಿನಲ್ಲೇ ಉತ್ಸಾಹದಿಂದ ಓದಿದರು: “ಶ್ರೀಮತಿ ಕಲ್ಲಮ್ಮ ಮಲ್ಲಿಕಾರ್ಜುನಯ್ಯ, ಸಿಂಗಟಗೆರೆ. ಗೃಹಪ್ರವೇಶದ ನೆನಪಿಗಾಗಿ.”

ಇಡೀ ಸಭೆ ನಕ್ಕಿತು. ಸ್ಫೂರ್ತಿ ನಗಲಿಲ್ಲ. ಡಬ್ಬಿಯನ್ನು ತೆರೆಯದೆ ಬ್ಯಾಗಿಗೆ ತುರುಕಿದಳು. ಮನೆಗೆ ಬಂದ ಮೇಲೆ ನಿಶ್ಚಿತಾ, ಅಜ್ಜಿ ಎಲ್ಲದರ ಮೇಲೂ ಯಾಕೆ ಹೆಸರು ಬರೆಸುತ್ತೆ ಎಂದು ಕೇಳಿ ನನ್ನ ಸೀರೆಗೆ ಮುಖ ಒತ್ತಿಕೊಂಡು ಬಿಕ್ಕಿದಳು. ನನಗೂ ಅಳು ಬಂತು, ಸಿಟ್ಟೂ ಬಂತು.

ಸಂಜೆಯೊಳಗೆ ಸುದ್ದಿ ಮಾವನಿಗೆ ಮುಟ್ಟಿತು. ತಮ್ಮ ಹೆಸರು ಹೋಗಿ ಹೋಗಿ ಆ ರಂಗಪ್ಪನ ಅಡುಗೆಮನೆಯಲ್ಲಿ ಕೂತಿದೆಯಲ್ಲ ಎಂದು ಅವರು ಊಟ ಬಿಟ್ಟರು. ಅತ್ತೆಯ ಚಿಂತೆ ಬೇರೆ: ಆ ಡಬ್ಬಿ ಒಂದು ಸೆಟ್ಟಿನದು.

ರಂಗಪ್ಪನವರ ಮನೆಯಲ್ಲಿ ಇದಕ್ಕಿಂತ ದೊಡ್ಡ ಪೇಚಾಟ ಎದ್ದಿತ್ತು ಎಂದು ಆಮೇಲೆ ತಿಳಿಯಿತು. ಅವರ ಹೆಂಡತಿ ಕೆಂಚಮ್ಮನವರ ಪ್ರಕಾರ, ಬೇರೆಯವರ ಹೆಸರಿರುವ ಪಾತ್ರೆ ಎಂದಾದರೂ ಉಡುಗೊರೆಯಾಗುತ್ತದೆಯೇ? ಅದು ತಿಂಡಿ ಕಳಿಸಿದ ಪಾತ್ರೆ. ತಿಂಡಿ ತಿನ್ನಬೇಕು, ಪಾತ್ರೆ ಹಿಂತಿರುಗಿಸಬೇಕು. ಬರಿದಾಗಿ ಹಿಂತಿರುಗಿಸುವ ಹಾಗಿಲ್ಲ, ಏನಾದರೂ ತುಂಬಬೇಕು. ಗೃಹಪ್ರವೇಶದ ಪಾತ್ರೆಯನ್ನು ಮಗುವಿನ ಕೈಲಿ ಅಟ್ಟುವುದಂತೂ ಸಲ್ಲದು, ಯಜಮಾನರೇ ಹೋಗಬೇಕು. ರಂಗಪ್ಪನವರು ಎರಡು ದಿನ ಗೊಣಗಿದರು. ಆಮೇಲೆ, ಮಲ್ಲಿಕಾರ್ಜುನಯ್ಯನೇ ಸೋತು ಮೊದಲು ಪಾತ್ರೆ ಕಳಿಸಿದ್ದಾನೆ, ನಾವು ಸಣ್ಣವರಾಗಬಾರದು ಎಂದು ಸಮಾಧಾನ ಮಾಡಿಕೊಂಡು ಪಂಚೆ ಬದಲಿಸಿದರು.

ಭಾನುವಾರ ಬೆಳಗ್ಗೆ ಗಂಡ, ಹೆಂಡತಿ, ಮೊಮ್ಮಗಳು ಮೂವರೂ ನಮ್ಮ ಬಾಗಿಲಿಗೆ ಬಂದರು. ಡಬ್ಬಿಯ ತುಂಬ ತಂಬಿಟ್ಟು. ರಂಗಪ್ಪ ತಾನಾಗಿ ಮನೆಗೇ ಬಂದನಲ್ಲ, ಅವನೇ ಸೋತ ಎಂದು ಮಾವನ ಮುಖ ಅರಳಿತು. ಹೀಗೆ ಎದುರಿನವನು ಸೋತನೆಂದು ಇಬ್ಬರೂ ನಂಬಿ, ಇಬ್ಬರೂ ಗೆದ್ದು, ಒಂದೇ ಮಂಚದ ಮೇಲೆ ಕೂತು ಕಾಫಿ ಕುಡಿದರು. ನನ್ನ ಗಂಡ ಮೊಬೈಲ್ ಹಿಡಿದು, ಅರ್ಥಪೂರ್ಣ ಎಂದರೆ ಇದೇ ಎಂದು ಗುಂಪಿಗೆ ಫೋಟೋ ಕಳಿಸಿದರು.

ಕೆಂಚಮ್ಮನವರು ಮಿಠಾಯಿಯನ್ನು ಬಹಳ ಹೊಗಳಿದರು. “ಅಡೀಲಿ ಅದೇನೋ ಕಲ್ಲಿದ್ವಲ್ಲ ಕಲ್ಲಮ್ಮೋರೆ, ಇರುವೆ ಬರ್ದಿರ್ಲಿ ಅಂತ ಇಟ್ಟಿದ್ರೇನೋ ಅಂದ್ಕೊಂಡು ತಿಪ್ಪೆಗೆ ಬಿಸಾಕ್ದೆ,” ಎಂದರು.

ನಿಶ್ಚಿತಾ ಎದ್ದು ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತಿಗೆ ಸ್ಫೂರ್ತಿಯೂ ಹೋದಳು. ಅಡುಗೆಮನೆಯ ಕಿಟಕಿಯಿಂದ ಇಬ್ಬರೂ ನನಗೆ ಕಾಣುತ್ತಿದ್ದರು.

“ಇನ್ಮೇಲೆ ನಿನ್ ಜೊತೆ ಕೂತ್ಕೊಬೋದಂತೆ, ತಾತ ಹೇಳ್ತು,” ಎಂದಳು ಸ್ಫೂರ್ತಿ.

ನಿಶ್ಚಿತಾ ಬಟ್ಟೆ ಒಗೆಯುವ ಕಲ್ಲನ್ನು ಉಗುರಿನಿಂದ ಕೆರೆಯುತ್ತಾ ಕೇಳಿದಳು: “ನಾಳೆ ಮತ್ತೆ ಬ್ಯಾಡ ಅಂದ್ರೆ?”

ಸ್ಫೂರ್ತಿ ತುಂಬ ಯೋಚಿಸಿದಳು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. “ಬಿಡ್ಬೇಕಾಗುತ್ತೆ ಕಣೇ.”

“ನಾನೂ ಅಷ್ಟೇ,” ಎಂದಳು ನಿಶ್ಚಿತಾ.

ಇಬ್ಬರೂ ಪಕ್ಕಪಕ್ಕ ಕೂತರು, ಆಟವಾಡಲಿಲ್ಲ. ಹನ್ನೊಂದು ವರ್ಷದ ಮಕ್ಕಳು ಹೀಗೆ ಮಾತನಾಡುವ ಸ್ಥಿತಿಗೆ ತಂದವರು ನಾವು, ಅದರಲ್ಲಿ ಬಾಯಿ ಮುಚ್ಚಿಕೊಂಡಿದ್ದ ನಾನೂ ಸೇರಿದ್ದೇನೆ ಎಂದು ನನಗೆ ನಾಚಿಕೆಯಾಯಿತು.

ಆಗಲೇ ಪಡಸಾಲೆಯಲ್ಲಿ ಅತ್ತೆಯ ಧ್ವನಿ ಕೇಳಿತು. ತಂಬಿಟ್ಟನ್ನು ತಟ್ಟೆಗೆ ಸುರಿದು, ಡಬ್ಬಿಯ ಬಾಯಿ ಮುಚ್ಚಲು ಹೋಗಿದ್ದರು. ಮುಚ್ಚಳ ಕೂರುತ್ತಿರಲಿಲ್ಲ.

“ಇದು ನಮ್ ಮುಚ್ಚಳ ಅಲ್ವಲ್ಲ,” ಎಂದರು.

ಕೆಂಚಮ್ಮನವರ ಕೈಲಿದ್ದ ಲೋಟ ಅರ್ಧಕ್ಕೇ ನಿಂತಿತು. ಹಾಗಾದರೆ ನಾವು ಬದಲಿಸಿಕೊಂಡೆವು ಎಂದೇನು ಎಂದು ಅವರು ತಗ್ಗಿದ ದನಿಯಲ್ಲಿ ಕೇಳಿದರು. ರಂಗಪ್ಪನವರು ಹೆಗಲ ಮೇಲಿನ ಟವೆಲ್ಲನ್ನು ಕೊಡವಿದರು. ಮಾವ ಕಾಫಿ ಲೋಟ ಕೆಳಗಿಟ್ಟು ಮೀಸೆ ಒರೆಸಿಕೊಂಡರು. ಈ ಮನೆಗಳಲ್ಲಿ ಯುದ್ಧ ಹೇಗೆ ಶುರುವಾಗುತ್ತದೆ ಎಂದು ನನಗೆ ಗೊತ್ತು. ಹಿತ್ತಲ ಬಾಗಿಲಲ್ಲಿ ಎರಡೂ ಮಕ್ಕಳು ಬಂದು ನಿಂತಿದ್ದವು. ಸ್ಫೂರ್ತಿ ಆಗಲೇ ನಿಶ್ಚಿತಾಳಿಂದ ಒಂದು ಹೆಜ್ಜೆ ದೂರ ಸರಿದಿದ್ದಳು.

ನಾನು ಹೋಗಿ ಅತ್ತೆಯ ಕೈಯಿಂದ ಮುಚ್ಚಳ ತೆಗೆದುಕೊಂಡೆ. ಅದರ ನಡುವೆ ದಪ್ಪ ಅಕ್ಷರದಲ್ಲಿ ಕೆಂಚಮ್ಮ ಎಂದು ಕೆತ್ತಿತ್ತು. ಅದರ ಮೇಲೆ ಹೆಬ್ಬೆರಳನ್ನು ಗಟ್ಟಿಯಾಗಿ ಒತ್ತಿ ಹಿಡಿದೆ.

“ನಮ್ದೇ ಅತ್ತೆ,” ಎಂದೆ. “ಆವತ್ತು ಸರಿಯಾದ್ದು ಸಿಗ್ಲಿಲ್ಲ. ನಾನೇ ಬೇರೆ ಮುಚ್ಚಳ ಹಾಕಿ ಕಳ್ಸಿದ್ದು.”

ಅವತ್ತು ಮುಚ್ಚಳ ಒತ್ತಿದ್ದು ತಾವೇ ಎಂದು ಅತ್ತೆಗೆ ಚೆನ್ನಾಗಿ ನೆನಪಿತ್ತು. ಅವರು ನನ್ನ ಮುಖ ನೋಡಿದರು, ಹೆಬ್ಬೆರಳು ನೋಡಿದರು, ಆಮೇಲೆ ಬಾಗಿಲಲ್ಲಿ ನಿಂತ ಮಕ್ಕಳನ್ನು ನೋಡಿದರು.

“ವಯಸ್ಸಾಯ್ತು, ಕಣ್ಣೇ ಸರಿಯಾಗಿ ಕಾಣಲ್ಲ,” ಎಂದು ಡಬ್ಬಿ, ಮುಚ್ಚಳ ಎರಡನ್ನೂ ಸೆರಗಿನಡಿ ಹಿಡಿದು ಒಳಗೆ ನಡೆದರು. ನಮ್ಮತ್ತೆ ಇವತ್ತಿಗೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾರೆ.